ಹೊಸ ಕೋರ್ಸಿಗೆ ಬಲಗಡೆಯ ಪ್ರಸಾದ

ಕುಮಟಾ
10-7-2001

ಪ್ರೀತಿಯ ಇವರಿಗೆ,

ಹೆಸರು ಬರೆಯಲು ಇನ್ನೂ ಕೈ ಬರುವುದಿಲ್ಲ, ನಗಬೇಡಿ. ಮಸ್ಕತ್ತಿನ ಸೆಕೆಯಲ್ಲಿ ನಿಮ್ಮ ತಲೆನೋವು ಹೇಗಿದೆ? ಗುಳಿಗೆ ನುಂಗಿ ಕೆಲಸಕ್ಕೆ ಓಡುವ ಬದಲು ಒಂದು ದಿನ ಮಲಗಿ. ಹುಬ್ಬಳ್ಳಿಯ ಇಂಜಿನಿಯರಿಂಗ್ ಸೀಟು ಸಿಕ್ಕ ಖುಷಿಯಲ್ಲಿ ನಿಮ್ಮ ಮಗಳು ಅಂಕಿತಾಳ ಕಾಲು ನೆಲದ ಮೇಲಿಲ್ಲ. ನಾನೂ ಆರಾಮ. ಆರಾಮ ಅಂತ ಬರೆದೆ, ನಿದ್ದೆ ಮಾತ್ರ ಇಲ್ಲ.

ನಮ್ಮ ಕಾಲೇಜಿನ ಹೊಸ ಬಿ.ಎಸ್ಸಿ.ಯದೇ ಚಿಂತೆ. ಗಣಿತ, ಫಿಸಿಕ್ಸ್, ಜೊತೆಗೆ ಕಂಪ್ಯುಟೇಶನಲ್ ಸೈನ್ಸ್. ನಾನೂ ಫಿಸಿಕ್ಸಿನ ಗುರುದತ್ತರೂ ಕೂತು ಪಠ್ಯ ಬರೆದದ್ದಾಯಿತು, ವಿಶ್ವವಿದ್ಯಾಲಯ ಒಪ್ಪಿದ್ದೂ ಆಯಿತು. ಆದರೆ ಹದಿನೈದು ಮಕ್ಕಳಾದರೂ ಸೇರದಿದ್ದರೆ ಶುರು ಮಾಡುವಂತಿಲ್ಲವಂತೆ. ಹೋದಲ್ಲೆಲ್ಲ "ಎಂತ ಅಕ್ಕೋರೆ, ಟೈಪಿಂಗ್ ಕಲಿಸುದಾ?" ಅಂತಲೇ ಕೇಳುತ್ತಾರೆ. ಟೈಪಿಂಗ್ ಅಲ್ಲ ಮಾರಾಯ್ರೆ, ಹೊಳೆಯಂಚಿನ ಗಜನಿ ಗದ್ದೆಗೆ ಉಪ್ಪುನೀರು ಯಾವಾಗ ಎಷ್ಟು ಏರುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮುಂಚೆಯೇ ಹೇಳಬಹುದು ಅಂತ ಹೇಳಿ ಹೇಳಿ ಗಂಟಲು ಕಟ್ಟಿದೆ.

ಮೊನ್ನೆ ಭಾನುವಾರ ಮಕ್ಕಳನ್ನು ಕಳಿಸಿ ಅಂತ ಕೇಳಲು ಹಿರೇಗುತ್ತಿಗೆ ಹೋಗಿದ್ದೆವು. ಊರ ಹಿರಿಯ ಜಟ್ಟ ನಾಯಕರು ಎಲ್ಲ ಕೇಳಿ, ದೇವಿಯಲ್ಲಿ ಪ್ರಸಾದ ಕೇಳಿಯೇ ಬಿಡುವ ಅಂದರು. ಗಣಿತ ಹೇಳುವ ನಾನೂ ಕೈಮುಗಿದು ನಿಂತೆ. ಮೂರ್ತಿಗೆ ಅಂಟಿಸಿದ ಹೂವಿನಲ್ಲಿ ಬಲಗಡೆಯದು ಬಿದ್ದರೆ ಒಪ್ಪಿಗೆ. ಬಲಗಡೆಯದೇ ಬಿತ್ತು. ಎಲ್ಲರೂ ಆತು, ಆತು ಅಂದರು. ದೇವರನ್ನೇ ನಂಬದ ಗುರುದತ್ತರು ಎರಡು ಸಲ ತೀರ್ಥ ತಗೊಂಡರು.

ಇವತ್ತು ಅಲ್ಲಿಯ ಮಕ್ಕಳೆಲ್ಲ ಬಂದು ಸೇರಿದರು, ಕೋರ್ಸು ಶುರುವಾಗುತ್ತದೆ. ಆದರೂ ಹೆದರಿಕೆ ಹೋಗಿಲ್ಲ. ಇದನ್ನು ಓದಿದವರಿಗೆ ಯಾರು ಕೆಲಸ ಕೊಡುತ್ತಾರೋ ಏನೋ.

ಹೊತ್ತಿಗೆ ಸರಿಯಾಗಿ ಉಣ್ಣಿ. ನಿಮ್ಮ ರೂಮಿನವರಿಗೆಲ್ಲ ನಮಸ್ಕಾರ ಹೇಳಿ.

ನಿಮ್ಮ
ಸುಮತಿ

ತಾ.ಕ.: ಈ ಪತ್ರ ಒಯ್ಯುವ ಭಟ್ಕಳದ ಇಲ್ಯಾಸ್ ಸಾಹೇಬರು ಬಾಗಿಲಲ್ಲಿ ನಿಂತಿದ್ದಾರೆ, ನಾಳೆ ಅವರ ವಿಮಾನ. ಬರೆಯಲೋ ಬೇಡವೋ ಅಂತ ಇಷ್ಟು ಹೊತ್ತು ತಡೆದೆ. ಪ್ರಸಾದ ಬಿದ್ದ ಮೇಲೆ ಜಟ್ಟ ನಾಯಕರು ನನ್ನ ಕಡೆ ತಿರುಗಿ, "ನಿಮ್ಮ ಹುಡುಗಿನೂ ಇದ್ಕೇ ಅಲ್ಲ ಅಕ್ಕೋರೆ?" ಅಂದರು. ದೇವಿಯ ಎದುರು, ಅಷ್ಟು ಜನರ ನಡುವೆ, ಹೌದು ಅಂದುಬಿಟ್ಟೆ. ಅದನ್ನು ನಂಬಿಯೇ ಅವರು ಮಕ್ಕಳನ್ನು ಕಳಿಸಿದ್ದು. ಹುಬ್ಬಳ್ಳಿಯ ಸೀಟಿಗೆ ಸೋಮವಾರ ಕಡೇ ದಿನ. ಅಂಕಿತಾಗೆ ಇನ್ನೂ ಹೇಳಿಲ್ಲ, ಒಳಗೆ ಪೆಟ್ಟಿಗೆ ತುಂಬುತ್ತಿದ್ದಾಳೆ. ಶುಕ್ರವಾರ ನೀವು ಫೋನು ಮಾಡಿದಾಗ ಯಾವತ್ತಿನಂತೆ ಅವಳೇ ಓಡಿಬಂದು ಎತ್ತುತ್ತಾಳೆ. ಸೀಟಿನ ವಿಷಯ ತೆಗೆಯಬೇಡಿ, ಫೋನು ಅಮ್ಮನಿಗೆ ಕೊಡು ಅನ್ನಿ.