ತುಟಿಗೆ ಕೂರದ ಮಾತು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಇಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡ. ಮರೆಯುತ್ತೀಯ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಮಗಳು ಚಿನಕುರಳಿಯ ಮುಂದಿನ ಹಲ್ಲು ಬಿದ್ದಿದೆ. ‘ಸ’ ಎಂದರೆ ಸೀಟಿ ಬರುತ್ತದೆ. ಅದನ್ನು ಕೇಳಿಸಲೆಂದೇ ಸಾಬೂನು, ಸಕ್ಕರೆ, ಸೋಮವಾರ ಎನ್ನುತ್ತ ಮನೆ ತುಂಬ ಓಡಾಡುತ್ತಾಳೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕೆಲವು ಮಾತು ಎತ್ತಿದ ಕೂಡಲೇ ನಿನ್ನ ಹಡಗಿಗೆ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ಮುಂದಿನ ಬಂದರಿನ ವಿಳಾಸಕ್ಕೆ ಈ ಕಾಗದ. ಇದನ್ನು ಅರ್ಧಕ್ಕೆ ಕಟ್ ಮಾಡಲು ನಿನ್ನಿಂದಾಗದು.

ನನ್ನ ಕೆಲಸ ನಿನಗೆ ಯಾವಾಗಲೂ ತಮಾಷೆ. ಟಿವಿಗೂ ಮೊಬೈಲಿಗೂ ನೇರವಾಗಿ ಬಂದು ಬೀಳುವ ಮಕ್ಕಳ ಸಿನಿಮಾಗಳಿಗೆ ನಮ್ಮ ಭಾಷೆಯ ದನಿ ಕೊಡುವವಳು ನಾನು. ಅಳಿಲಾಗಿದ್ದೇನೆ, ಕೆಮ್ಮುವ ಲಾರಿಯಾಗಿದ್ದೇನೆ, ತುಂಟ ಹುಡುಗರಂತೂ ಲೆಕ್ಕಕ್ಕೇ ಇಲ್ಲ. ಆದರೆ ಅಣ್ಣಾ, ಅವುಗಳಲ್ಲಿ ಬಹುಪಾಲು ಬರೀ ಗದ್ದಲ. ಯಾರೂ ಮಾತಾಡುವುದಿಲ್ಲ, ಎಲ್ಲರೂ ಕಿರುಚುತ್ತಾರೆ. ಬಿದ್ದವರಿಗೆ ಪೆಟ್ಟಾಗುವುದಿಲ್ಲ, ಕಳೆದುಹೋದದ್ದು ಒಂದು ಹಾಡು ಮುಗಿಯುವುದರೊಳಗೆ ಸಿಕ್ಕಿಬಿಡುತ್ತದೆ. ಹೀಗೇಕೆ ಎಂದು ಕೇಳಿದರೆ ಸ್ಟುಡಿಯೋದಲ್ಲಿ ಸಿದ್ಧ ಉತ್ತರವೊಂದಿದೆ: “ಮಕ್ಕಳಿಗೆ ತಾನೇ, ಇಷ್ಟು ಸಾಕು ಬಿಡಿ.” ದೊಡ್ಡವರ ಸಿನಿಮಾಕ್ಕೆ ಒಂದು ನಿಟ್ಟುಸಿರನ್ನೂ ನಾಲ್ಕು ಸಲ ತೆಗೆಸುವವರು, ಮಕ್ಕಳದ್ದಾದರೆ ಇಡೀ ಸಿನಿಮಾವನ್ನು ಒಂದೇ ಉಸಿರಿಗೆ ಮುಗಿಸುತ್ತಾರೆ.

ಈಚೆಗೆ ಬಂದ ಸಿನಿಮಾ ಮಾತ್ರ ಬೇರೆ ಥರದ್ದು. ಅದರಲ್ಲಿ ಒಬ್ಬಳು ಬಸ್ಸು ಓಡಿಸುವ ತಾಯಿ, ಶಾಲೆ ಬಿಟ್ಟ ಮೇಲೆ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಊರು ಸುತ್ತುವ ಮಗ. ಹುಡುಗನ ದನಿ ನನ್ನದು. ನಡುವೆ ತಾಯಿ ಕಾಯಿಲೆ ಬಿದ್ದು ಸಾಯುತ್ತಾಳೆ. ಆಮೇಲೊಂದು ದಿನ ಹುಡುಗ ನಿಂತ ಬಸ್ಸನ್ನು ಹತ್ತಿ, ಅವಳ ಸೀಟಿನಲ್ಲಿ ಕೂತು, ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಳ್ಳುತ್ತಾನೆ. ಮಾತಿಲ್ಲ, ಸಂಗೀತವಿಲ್ಲ. ಕೊನೆಗೆ ಚಳಿಗೆ ನಡುಗುತ್ತಿದ್ದ ಹೊಸ ಡ್ರೈವರಿಗೆ ಅಮ್ಮನ ಕೋಟು ತಂದುಕೊಡುತ್ತಾನೆ. ಮೊದಲ ಸಲ ನಾನೂ ಸೌಂಡ್ ಇಂಜಿನಿಯರೂ ಜೊತೆಗೆ ಕೂತು ನೋಡಿದೆವು. ಅವನು ಹೆಡ್‌ಫೋನ್ ಒರೆಸುವ ನೆಪದಲ್ಲಿ ಕಣ್ಣು ಒರೆಸಿಕೊಂಡ.

ಮಾರನೆಯ ದಿನ ಸಿನಿಮಾ ಕಂಪನಿಯಿಂದ ತಿದ್ದಿದ ಸಂಭಾಷಣೆ ಬಂತು. “ನಮ್ಮಮ್ಮ ಸತ್ತುಹೋದ್ಲು” ಎಂದು ಹುಡುಗ ಹೇಳುವ ಕಡೆ “ನಮ್ಮಮ್ಮ ದೂರದೂರಿಗೆ ಹೋಗಿದ್ದಾಳೆ” ಎಂದಾಗಬೇಕಂತೆ. ಬಸ್ಸಿನ ಮೌನಕ್ಕೆ ಒಂದು ಕುಣಿತದ ಹಾಡು ಹಾಕಬೇಕಂತೆ. ಮಕ್ಕಳಿಗೆ ಬೇಜಾರಾದರೆ ಬೇರೆ ಸಿನಿಮಾಕ್ಕೆ ಹಾರುತ್ತಾರೆ ಎನ್ನುವುದು ಅವರ ಭಯ. ನಾನು ಮೈಕಿನ ಮುಂದೆ ನಿಂತು ಹೇಳಿ ನೋಡಿದೆ. ಹುಡುಗನ ಬಾಯಿ ಮುಚ್ಚಿದ ಮೇಲೂ ನನ್ನ ಮಾತು ಉಳಿದಿರುತ್ತಿತ್ತು. ಬೇಗ ಹೇಳಿದೆ, ಮೆಲ್ಲಗೆ ಹೇಳಿದೆ, ತುಟಿಗೆ ಕೂರಲೇ ಇಲ್ಲ. ಮತ್ತೆ ಮತ್ತೆ ಹೇಳುವಾಗ ಗೊತ್ತಾಯಿತು, ಈ ಸಾಲು ನನಗೆ ಹೊಸದಲ್ಲ. ಮನೆಯಲ್ಲಿ ಇದನ್ನೇ ಹೇಳಿಕೊಂಡು ಬಂದಿದ್ದೇನೆ.

ಅತ್ತಿಗೆ ಹೋಗಿ ವರ್ಷವಾಗುತ್ತ ಬಂತು. ಅಂದು ಮಗುವನ್ನು ಪಕ್ಕದ ಮನೆಗೆ ಕಳಿಸಿ, “ದೊಡ್ಡ ಆಸ್ಪತ್ರೆ ಇರೋ ಊರಿಗೆ ಹೋಗಿದ್ದಾಳೆ ಅಂತ ಹೇಳು, ಆಮೇಲೆ ನಾನು ನೋಡ್ಕೋತೀನಿ” ಎಂದೆ ನೀನು. ನಿನ್ನ ಮುಖ ನೋಡಿ ನಾನು ಹೂಂ ಎಂದೆ. ಆ ಹೊತ್ತಿಗೆ ನಿನಗೆ ಉಸಿರಾಡುವುದೇ ಕಷ್ಟವಾಗಿತ್ತು. ನಾನು ನಿನ್ನನ್ನು ದೂರುತ್ತಿಲ್ಲ. ಆದರೆ ನಿನ್ನ ‘ಆಮೇಲೆ’ ಇನ್ನೂ ಬಂದಿಲ್ಲ.

ಮೈಕಿನಿಂದ ಹಿಂದೆ ಸರಿದು ಡಬ್ಬಿಂಗ್ ನೋಡಿಕೊಳ್ಳುವ ಮೇಡಂಗೆ ಹೇಳಿದೆ, “ಈ ಸಾಲು ನಾನು ಹೇಳಲ್ಲ ಮೇಡಂ.” ಅವರು ಕನ್ನಡಕ ತೆಗೆದು, “ನೀನಲ್ಲದಿದ್ರೆ ಇನ್ನೊಬ್ಬಳು ಹೇಳ್ತಾಳಮ್ಮ. ನಿನ್ನ ಕೈಲಿರೋ ಕೆಲಸ ಯಾಕೆ ಕಳ್ಕೋತೀಯ?” ಎಂದರು. ಒಳ್ಳೆಯ ಹೆಂಗಸು, ಬೈಯಲಿಲ್ಲ. ಕಳೆದುಕೊಂಡರೂ ಸರಿ, ಕಂಪನಿಯವರೊಮ್ಮೆ ಬಂದು ಎರಡು ಸಾಲನ್ನೂ ಕೇಳಲಿ ಎಂದು ಪಟ್ಟು ಹಿಡಿದೆ. ಒಂದು ವಾರ ನನಗೆ ಬೇರೆ ಕೆಲಸವೂ ಬರಲಿಲ್ಲ. ಶುಕ್ರವಾರ ಕರೆ ಬಂತು.

ಕಂಪನಿಯವನು ಇನ್ನೂ ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಎರಡೂ ಕೇಳಿದ. ಅವನ ಸಾಲು ಮುಗಿದು ಕೋಟಿನ ದೃಶ್ಯ ಬಂದಾಗ ಇಂಜಿನಿಯರ್ ಚಿತ್ರ ನಿಲ್ಲಿಸಿ ಕೇಳಿದ, “ಅಮ್ಮ ವಾಪಸ್ ಬರ್ತಾಳಲ್ವಾ ಸರ್? ಮತ್ತೆ ಕೋಟು ಯಾಕೆ ಕೊಟ್ಬಿಡ್ತಾನೆ?” ಕಂಪನಿಯವನು ನಕ್ಕು, “ಚಿಕ್ಕ ಮಕ್ಕಳು ಅಷ್ಟೆಲ್ಲ ಗಮನಿಸ್ತಾರಾ?” ಎಂದ. ಆಗ ನಾನು ಚಿನಕುರಳಿಯ ವಿಷಯ ಹೇಳಿದೆ. ಅವಳು ಕಪಾಟು ತೆಗೆದು ಅಮ್ಮನ ಚಪ್ಪಲಿ ಎಲ್ಲ ಹೊರಗಿಟ್ಟು, “ಅತ್ತೆ, ಎಲ್ಲಾ ಇಲ್ಲೇ ಇದೆಯಲ್ಲ, ಅಮ್ಮ ಬರಿಗಾಲಲ್ಲಿ ಹೋದ್ಲಾ?” ಎಂದು ಕೇಳಿದ್ದನ್ನು ಹೇಳಿದೆ. ನಾನು ಉತ್ತರ ಕೊಡಲಿಲ್ಲ, ಅವಳು ಮತ್ತೆ ಕೇಳಲಿಲ್ಲ ಎಂದೂ ಹೇಳಿದೆ. “ಮಕ್ಕಳು ಗಮನಿಸ್ತಾರೆ ಸರ್. ನಾವು ಸುಳ್ಳು ಹೇಳ್ತೀವಿ ಅಂತ ಗೊತ್ತಾದ್ರೆ ಕೇಳೋದನ್ನ ಬಿಡ್ತಾರೆ, ಅಷ್ಟೇ.” ಅವನು ಹೊರಗೆ ಹೋಗಿ ಯಾರ ಜೊತೆಗೋ ಫೋನಿನಲ್ಲಿ ವಾದ ಮಾಡುವುದು ಕೇಳಿಸಿತು.

ಪೂರ್ತಿ ಗೆದ್ದೆ ಎನ್ನಲಾರೆ. ಬಸ್ಸಿನ ಮೌನಕ್ಕೆ ಒಂದು ಪಿಯಾನೊ ಬಂದು ಕೂತಿದೆ, ನನಗೆ ಇಷ್ಟವಿಲ್ಲ. ಆದರೆ ಹುಡುಗನ ಮಾತು ಹುಡುಗನಿಗೇ ಉಳಿಯಿತು. ನಾಳೆ ಕೊನೆಯ ರೆಕಾರ್ಡಿಂಗ್. ಶಾಲೆಗೆ ರಜೆ ಬಿಡುವ ಹೊತ್ತಿಗೆ ಸಿನಿಮಾ ಬರುತ್ತದೆ. ಅತ್ತೆಯ ದನಿ ಇದೆ ಎಂದರೆ ನಿನ್ನ ಮಗಳು ನೋಡದೆ ಬಿಡುವವಳಲ್ಲ. ಅಷ್ಟರೊಳಗೆ ರಜೆ ಹಾಕಿ ಬಾ. ಹೇಳುವವನು ನೀನಾಗಿರಬೇಕು, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಬೇಕು. ನಾನಾಗಿ ಬಾಯಿ ಬಿಡುವುದಿಲ್ಲ. ಆದರೆ ಅವಳಾಗಿ ಕೇಳಿದರೆ ಇನ್ನು ಸುಳ್ಳು ಹೇಳುವುದಿಲ್ಲ. ಕೋಪ ಬಂದರೆ ಬರಲಿ, ಬಂದು ಎದುರಿಗೇ ಬೈ.

ಮೈ ಜೋಪಾನ. ಜೊತೆ ಕೆಲಸದವರಿಗೆಲ್ಲ ನಮ್ಮ ನೆನಪು ಹೇಳು. ನೀನು ಎಲ್ಲಿದ್ದರೂ ನೆಮ್ಮದಿಯಾಗಿ ನಿದ್ದೆ ಬರಲಿ ಎಂದು ಬಯಸುವ,

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ನಾಳೆಗೆಂದು ಅಡುಗೆಮನೆಯಲ್ಲಿ ಹುಡುಗನ ದನಿಯಲ್ಲಿ ಆ ಸಾಲು ಹೇಳಿಕೊಳ್ಳುತ್ತಿದ್ದೆ, ಚಿನಕುರಳಿ ಬಾಗಿಲಲ್ಲಿ ನಿಂತಿದ್ದಳು. “ನಮ್ಮಮ್ಮನೂ ಆ ಹುಡುಗನ ಅಮ್ಮನ ಥರಾನೇನಾ?” ಎಂದು ಕೇಳಿದಳು. ಹೌದು ಎಂದೆ ಅಣ್ಣಾ. ಬಹಳ ಅತ್ತಳು. ನಾನೂ ಅತ್ತೆ. ಆಮೇಲೆ ಮುಖ ತೊಳೆಸಿಕೊಂಡು, ಟವೆಲ್ಲಿನೊಳಗಿನಿಂದಲೇ ಕೇಳಿದಳು, “ಅಪ್ಪಂಗೆ ಗೊತ್ತಾ?” ನಾನು ಟವೆಲ್ ಸರಿಸಿದೆ. ಅವಳೇ ಅಂದಳು, “ನೀನು ಬರೀಬೇಡ ಅತ್ತೆ. ಪಾಪ, ಅಲ್ಲಿ ಒಬ್ರೇ ಇರ್ತಾರೆ. ಬಂದ ಮೇಲೆ ನಾನೇ ಮೆತ್ತಗೆ ಹೇಳ್ತೀನಿ.” ಬೇಗ ಬಾ.