ಮೂಲೆಯಿಂದ ಮೂಲೆಗೆ

ನವೆಂಬರ್ 14, ತ್ರಾವ್ನಾ

ಆ ಸದ್ದು ಇನ್ನೂ ಕಿವಿಯಲ್ಲೇ ಇದೆ. ನೆರೆಮನೆಯ ಯೊರ್ದಾಂಕಾ ಅವರ ಕೋಣೆಯಲ್ಲಿ ಮಲಗಿಸಿಯೇ ಜೋಡಿಸಿದ್ದ ಅಕ್ರೋಟ್ ಮರದ ಬೀರುವನ್ನು ಇವತ್ತು ಅಪ್ಪನೂ ನಾನೂ ಎತ್ತಿದೆವು. ಇನ್ನೇನು ನಿಂತಿತು ಎನ್ನುವಾಗ ಮೇಲಿನ ಮೂಲೆ ಚಾವಣಿಗೆ ಬಡಿಯಿತು. ಅಂಟು ಒಣಗಿದೆ, ಬಿಚ್ಚುವಂತಿಲ್ಲ.

“ಚಾವಣಿ ತಗ್ಗಾಯ್ತು ಕಣೇ,” ಅಂದರು ಅಪ್ಪ.

“ಅದರ ಹಲಗೆ ಹೊಡೆದೋರೂ ನೀವೇ ಅಲ್ವಾ, ಸ್ತಾಮೆನ್,” ಅಂದರು ಯೊರ್ದಾಂಕಾ.

ಬೀರು 240 ಸೆಂಟಿಮೀಟರ್ ಎತ್ತರ, ಚಾವಣಿ 246. ಅಪ್ಪ ನೋಡಿದ್ದು ಅಷ್ಟನ್ನೇ. ಬೀರುವಿನ ಆಳ 70. ಎತ್ತರ, ಆಳ ಎರಡರ ವರ್ಗಗಳನ್ನೂ ಕೂಡಿಸಿ ವರ್ಗಮೂಲ ತೆಗೆದರೆ ಮೂಲೆಯಿಂದ ಮೂಲೆಗೆ 250; ಮಲಗಿದ್ದನ್ನು ಎತ್ತಿ ನಿಲ್ಲಿಸಲು ಅಷ್ಟು ಎತ್ತರ ಬೇಕು. ತಪ್ಪಿರಲಿ ಎಂದು ಆಸೆಪಟ್ಟು ಮತ್ತೊಮ್ಮೆ ಕೂಡಿಸಿದೆ. ತಪ್ಪಿರಲಿಲ್ಲ. ಎತ್ತಿ ನಿಲ್ಲಿಸುವ ಯಾವುದಕ್ಕೂ ಮೊದಲು ಈ ಲೆಕ್ಕ ಮಾಡು ಎಂದು ಚಿಕ್ಕಂದಿನಲ್ಲಿ ನನಗೆ ಕಲಿಸಿದ್ದೇ ಅಪ್ಪ.

“ಬೀರುವಿನ ಕಾಲುಗಳನ್ನ ಐದು ಸೆಂಟಿಮೀಟರ್ ಕೊಯ್ದರೆ ಸಾಕಪ್ಪ,” ಅಂದೆ.

ಅಪ್ಪ ಹೇಗೆ ಎಂದು ಕೇಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿವಿಯ ಮೇಲೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟರು.

“ಇನ್ಮೇಲೆ ಗುರುತು ನೀನೇ ಹಾಕು.”

ಆ ಪೆನ್ಸಿಲ್ ಇಲ್ಲೇ ಮೇಜಿನ ಮೇಲಿದೆ. ಇಷ್ಟನ್ನೂ ಪೆನ್ನಿನಲ್ಲೇ ಬರೆದೆ.