ಸ್ನಫ್ ಎಂಬ ಮಾತಿಗೆ ಅಜ್ಜಿ ಕೊಟ್ಟ ಅರ್ಥ

ಬಟ್ಟಂಬಾಂಗ್, ಕಾಂಬೋಡಿಯಾ
೫ ಸೆಪ್ಟೆಂಬರ್ ೧೯೯೨

ಪ್ರೀತಿಯ ನಾರಿನ್ ಅಣ್ಣನಿಗೆ,

ಹೇಗಿದ್ದೀಯ? ಶಿಬಿರದ ನೀರು ಹೊಟ್ಟೆಗೆ ಒಗ್ಗುತ್ತಿಲ್ಲ ಎಂದು ಬರೆದಿದ್ದೆಯಲ್ಲ, ಈಗ ವಾಸಿಯೇ? ಅಜ್ಜಿಯ ಕೆಮ್ಮು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಗಡಿಯಾಚೆಯ ನಿಮ್ಮಂಥ ನಿರಾಶ್ರಿತರ ಶಿಬಿರಗಳಿಂದ ಜನರನ್ನು ವಾಪಸು ಕರೆತರುವ ಲಾರಿಗಳು ವಾರವಾರವೂ ಸಂತೆಯ ಮುಂದೆ ನಿಲ್ಲುತ್ತವೆ. ನೀನು ಬರುವುದಿಲ್ಲವೆಂದು ಗೊತ್ತಿದ್ದೂ ಒಂದೊಂದು ಮುಖವನ್ನೂ ನೋಡಿಯೇ ಮನೆಗೆ ಬರುತ್ತೇನೆ.

ಆಸ್ಟ್ರೇಲಿಯಾಕ್ಕೆ ಹೋಗಲು ಇಂಗ್ಲಿಷ್ ಪದಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೀಯಂತೆ. ‘ಸ್ನಫ್’ ಎಂದರೆ ನಶ್ಯ, ದೀಪ ಆರಿಸುವುದು, ಮೂಸುವುದು. ಇವಕ್ಕೆ ನಮ್ಮ ಖ್ಮೇರ್ ಮಾತು ಯಾವುದು, ಅಜ್ಜಿಯನ್ನು ಕೇಳು ಎಂದಿದ್ದೆ. ಕೇಳಿದೆ. ಮೂಗಿನ ತುಂಬ ನಶ್ಯ ಏರಿಸಿಕೊಂಡು ಕೂತಿದ್ದಳು. “ಮೂರಕ್ಕೂ ಒಂದೇ ಮಾತಾ? ಪಾಪ, ಆ ಬಿಳಿಯರಿಗೆ ಮಾತಿಗೂ ಬರವೇನೇ!” ಎಂದು ನಕ್ಕಳು. ನಾವೂ ಹೊಗೆಸೊಪ್ಪಿಗೂ ಔಷಧಿಗೂ ಒಂದೇ ಮಾತು ಹೇಳುತ್ತೇವಲ್ಲ ಎಂದೆ. “ನಮ್ಮದು ಹೊಗೆಸೊಪ್ಪೇ ಔಷಧಿ ಕಣೇ, ಅದು ಬೇರೆ” ಎಂದು ಇನ್ನೊಂದು ಚಿಟಿಕೆ ಏರಿಸಿದಳು. ನಶ್ಯಕ್ಕೆ ‘ಮೂಗಿನ ಮದ್ದು’ ಎಂದೇ ಬರೆದುಕೊ. ದೀಪದ ಮಾತು ಬಂದಾಗ ಎರಡು ಬೆರಳನ್ನು ಎಂಜಲು ಮಾಡಿ ಬುದ್ಧನ ಮುಂದಿನ ಮೇಣದ ಬತ್ತಿಯನ್ನು ಚಿವುಟಿ, “ನಶ್ಯಕ್ಕೂ ದೀಪಕ್ಕೂ ಅವೇ ಎರಡು ಬೆರಳು. ಅದಕ್ಕೇ ಒಂದೇ ಮಾತು ಇರಬೇಕು ಬಿಡು” ಎಂದಳು. ಆಮೇಲೆ ಬಿಳಿಯರನ್ನು ಬೈಯಲಿಲ್ಲ.

ಮೂಸುವುದು ಎಂದಾಗ ಮಾತ್ರ ನಶ್ಯದ ಡಬ್ಬಿ ಮುಚ್ಚಿಟ್ಟಳು. ಏಳು ವರ್ಷದ ಹಿಂದೆ ನೀನು ಹೊರಟ ಬೆಳಿಗ್ಗೆ ನಿನ್ನ ಕೆನ್ನೆಗೆ ಮೂಗೊತ್ತಿ ಉಸಿರೆಳೆದುಕೊಂಡಿದ್ದಳಲ್ಲ, ನೀನು “ಸಾಕಜ್ಜೀ, ನಶ್ಯದ ಘಾಟು” ಎಂದು ಮುಖ ತಿರುಗಿಸಿದ್ದೆ. “ಅವನಿಗೆ ಹೇಳು, ನಮ್ಮಲ್ಲಿ ಮೂಸೋದು ಅಂದ್ರೆ ಮುತ್ತು ಕೊಡೋದು. ಅದನ್ನೂ ಬರ್ಕೊಳ್ಲಿ” ಎಂದಳು. ಇಂಗ್ಲಿಷ್ ಪರೀಕ್ಷೆಯಲ್ಲಿ ಹಾಗೆ ಬರೆದುಬಿಟ್ಟೀಯ, ಜೋಕೆ.

ಸರಿಯಾಗಿ ಊಟ ಮಾಡು. ಅಜ್ಜಿ ನಿನಗೆ ನೂರು ವರ್ಷ ಆಯುಸ್ಸು ಕೋರಿದ್ದಾಳೆ.

ನಿನ್ನ ತಂಗಿ,
ಚಂಥು

ಒಂದು ವಿಷಯ ಮರೆತಿದ್ದೆ. ಶಿಬಿರಕ್ಕೆ ಮರಳುವ ಲಾರಿಯ ಚಾಲಕ ಕಾಗದಕ್ಕಾಗಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಪ್ಪನನ್ನು ಸೈನಿಕರು ಕರೆದುಕೊಂಡು ಹೋಗಿ ಹದಿನೈದು ವರ್ಷವಾದರೂ, ಹಿರಿಯರ ಹಬ್ಬಕ್ಕೆ ವಿಹಾರದಲ್ಲಿ ಓದುವ ಸತ್ತವರ ಪಟ್ಟಿಗೆ ಅವರ ಹೆಸರು ಸೇರಿಸಲು ಅಜ್ಜಿ ಬಿಟ್ಟಿರಲಿಲ್ಲ. ನಿನ್ನೆ ತಾನೇ ನಡೆದುಕೊಂಡು ಹೋಗಿ ಬರೆಸಿ ಬಂದಳು. ಕಾಲು ತೊಳೆದುಕೊಂಡು ಮೆಟ್ಟಿಲ ಮೇಲೆ ಕೂತು, “ಇನ್ನು ನಾನು ಕಾಯೋದು ಒಬ್ಬನಿಗೆ ಮಾತ್ರ” ಎಂದಳು.